ಹಿತ್ತಿಲಿನ ಹಳೆಯ ಫ್ರಿಜ್ ಮತ್ತು ಉತ್ಸರ್ಗ ಸಮಿತಿ

ಪಂಚಸಮಿತಿಗಳನ್ನು ವಿವರಿಸುವಾಗ ಪ್ರವಚನಕಾರರು ಸಾಮಾನ್ಯವಾಗಿ ಈರ್ಯಾ ಸಮಿತಿಯಲ್ಲಿ ಬಹಳ ಹೊತ್ತು ನಿಲ್ಲುತ್ತಾರೆ. ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ಹೆಜ್ಜೆಯಿಡುವ ಮುನಿಗಳ ಚಿತ್ರ ಕೇಳುಗರ ಮನಸ್ಸಿಗೆ ಸುಲಭವಾಗಿ ಹತ್ತುತ್ತದೆ. ಭಾಷಾ, ಏಷಣಾ ಸಮಿತಿಗಳಿಗೂ ತಕ್ಕಷ್ಟು ಸಮಯ ದೊರೆಯುತ್ತದೆ. ವಸ್ತುವನ್ನು ಎತ್ತುವ ಮತ್ತು ಇಡುವ ಆದಾನನಿಕ್ಷೇಪಣ ಸಮಿತಿ ಒಂದೆರಡು ಮಾತಿನಲ್ಲಿ ಮುಗಿಯುತ್ತದೆ. ಐದನೆಯದಾದ ಉತ್ಸರ್ಗಕ್ಕೆ ಬಂದಾಗ ಹೇಳುವವರಿಗೂ ಕೇಳುವವರಿಗೂ ಸ್ವಲ್ಪ ಸಂಕೋಚ. ಮಲ, ಮೂತ್ರ, ಕಫಗಳನ್ನು ಎಲ್ಲಿ, ಹೇಗೆ ತ್ಯಜಿಸಬೇಕು ಎಂಬುದನ್ನು ಸಭೆಯಲ್ಲಿ ವಿಸ್ತರಿಸುವುದು ಹೇಗೆ?

ಆದರೆ ಆ ಸಮಿತಿಗಿರುವ ಇನ್ನೊಂದು ಹೆಸರನ್ನು ಗಮನಿಸಬೇಕು. ದಿಗಂಬರ ಪರಂಪರೆಯ ಆಚಾರಗ್ರಂಥಗಳಲ್ಲಿ ಅದು ಪ್ರತಿಷ್ಠಾಪನಾ ಸಮಿತಿ. ಜಿನಬಿಂಬವನ್ನು ಪೀಠದ ಮೇಲೆ ಇರಿಸುವುದಕ್ಕೆ ನಾವು ಬಳಸುವ ಪದವನ್ನೇ, ದೇಹಕ್ಕೆ ಬೇಡವಾದದ್ದನ್ನು ನೆಲಕ್ಕೆ ಬಿಡುವುದಕ್ಕೂ ಪೂರ್ವಾಚಾರ್ಯರು ಬಳಸಿದ್ದಾರೆ. ಬೇಕಾದದ್ದನ್ನು ಇರಿಸುವಾಗ ಎಷ್ಟು ಎಚ್ಚರವೋ ಬೇಡವಾದದ್ದನ್ನು ಬಿಡುವಾಗಲೂ ಅಷ್ಟೇ ಎಚ್ಚರ. ಆ ನೆಲದಲ್ಲಿ ಜೀವಿಗಳು ಇರಬಾರದು, ಹಸಿರು ಮೊಳಕೆ ಇರಬಾರದು, ಬಿಲಗಳಿರಬಾರದು, ಪರರಿಗೆ ತೊಂದರೆಯಾಗಬಾರದು. ಕಣ್ಣಿನಿಂದ ನೋಡಿ, ಪಿಂಛಿಯಿಂದ ಮೃದುವಾಗಿ ಸವರಿ, ಆಮೇಲೆಯೇ ಬಿಡುವುದು. ನನ್ನಿಂದ ಹೊರಹೋದದ್ದು ಯಾವ ಜೀವಕ್ಕೂ ಬಾಧೆಯಿಲ್ಲದ ಜಾಗದಲ್ಲಿ ನೆಲೆಗೊಳ್ಳುವ ತನಕ ಅದು ನನ್ನದೇ ಎಂಬ ಭಾವ ಇದರ ಹಿಂದೆ ಇದೆ.

ಈ ಮಾತು ನನಗೆ ಹೊಸದಾಗಿ ಅರ್ಥವಾದದ್ದು ಯಾವ ಬಸದಿಯಲ್ಲೂ ಅಲ್ಲ, ಬೆಳ್ತಂಗಡಿ ತಾಲೂಕಿನ ನೆರಿಯದಲ್ಲಿ ನಮ್ಮ ದೊಡ್ಡಮ್ಮನ ಮನೆಯ ದನದ ಕೊಟ್ಟಿಗೆಯ ಹಿಂದೆ.

ನೆರಿಯ ಘಟ್ಟದ ಬುಡದ ಊರು. ಮೇಲೆ ಕಾಡು, ಕೆಳಗೆ ಅಡಿಕೆ ತೋಟ, ನಡುವೆ ನೆರಿಯ ಹೊಳೆ. ಕಳೆದ ಭಾದ್ರಪದದಲ್ಲಿ ದಶಲಕ್ಷಣ ಪರ್ವದ ಉತ್ತಮ ತ್ಯಾಗದ ದಿನ ಅಲ್ಲಿಗೆ ಹೋಗಿದ್ದೆ. ಪರ್ವದ ಆ ಎಂಟನೆಯ ದಿನಕ್ಕೆ ಸರಿಯಾಗಿ ಮನೆಯವರು ಅಟ್ಟ, ಉಗ್ರಾಣಗಳನ್ನು ಬರಿದು ಮಾಡುವ ಯೋಜನೆಯಲ್ಲಿದ್ದರು. ಜಗಲಿಯ ಮೇಲೆ ಎರಡು ಮಿಕ್ಸಿ, ಹಿಡಿ ಮುರಿದ ಮೂರು ಕುಕ್ಕರ್, ಕಲ್ಲು ಸವೆದ ಗ್ರೈಂಡರ್, ಗಾಜು ಒಡೆದ ಮೈಕ್ರೋವೇವ್ ಒಲೆ, ಸುರುಳಿ ಸುಟ್ಟುಹೋದ ಕರೆಂಟಿನ ಒಲೆ ಸಾಲಾಗಿ ಕುಳಿತಿದ್ದವು. ಕೊಟ್ಟಿಗೆಯ ಹಿಂದೆ ಆರು ವರ್ಷಗಳಿಂದ ನಿಂತಿದ್ದ ಹಳೆಯ ಫ್ರಿಜ್ಜನ್ನೂ ಗುಜರಿಗೆ ಕೊಡುವುದೆಂದು ದೊಡ್ಡಮ್ಮನ ಮಗ ಹೊರಟಿದ್ದ. ದೊಡ್ಡಮ್ಮ ತಡೆದರು.

"ಅದರಲ್ಲಿ ಈಗ ಯಾರೆಲ್ಲ ವಾಸ ಇದ್ದಾರೆ, ಒಮ್ಮೆ ನೋಡಿದ್ದುಂಟಾ ನೀನು?"

ನಾವು ಹೋಗಿ ನೋಡಿದೆವು. ಫ್ರಿಜ್ಜಿನ ಕಾಲುಗಳು ಹೂತ ಒದ್ದೆ ಮಣ್ಣಿನಲ್ಲಿ ಎರೆಹುಳುಗಳಿದ್ದವು. ಬಾಗಿಲಿನ ರಬ್ಬರಿನ ಸೀಳಿನೊಳಗೆ ಇರುವೆಗಳು ಮೊಟ್ಟೆಯಿಟ್ಟಿದ್ದವು. ಹಿಂಬದಿಯ ಕಪ್ಪು ಸರಳುಗಳ ನಡುವೆ ಕಣಜವೊಂದು ಮಣ್ಣಿನ ಗೂಡು ಕಟ್ಟಿತ್ತು. ಒಳಗಿನ ತರಕಾರಿ ಡಬ್ಬಿಯಲ್ಲಿ ಹಲ್ಲಿಯ ಸಂಸಾರ. ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಹುಳು, ಇರುವೆ, ದುಂಬಿ, ಮನುಷ್ಯ ಎಂಬ ಕ್ರಮದಲ್ಲಿ ಒಂದೊಂದು ಇಂದ್ರಿಯ ಹೆಚ್ಚುತ್ತ ಹೋಗುವ ತ್ರಸಜೀವಿಗಳನ್ನು ಹೇಳುತ್ತಾರಷ್ಟೆ. ಎರಡು, ಮೂರು, ನಾಲ್ಕು, ಐದು ಇಂದ್ರಿಯಗಳ ಆ ಇಡೀ ಏಣಿ ನೂರ ಅರವತ್ತೈದು ಲೀಟರಿನ ಒಂದು ತಗಡಿನ ಪೆಟ್ಟಿಗೆಯಲ್ಲಿ ನೆಲೆಸಿತ್ತು.

ಅತ್ಯಂತ ಕಷ್ಟದ ಪ್ರಶ್ನೆ ಇದ್ದದ್ದು ಫ್ರಿಜ್ಜಿನ ಹಿಂಭಾಗದ ತಟ್ಟೆಯಲ್ಲಿ. ಮಂಜು ಕರಗಿದ ನೀರು ಬೀಳಲೆಂದು ಕಂಪ್ರೆಸರಿನ ಮೇಲೆ ಒಂದು ಚಿಕ್ಕ ಪ್ಲಾಸ್ಟಿಕ್ ತಟ್ಟೆ ಇರುತ್ತದೆ. ಅನೇಕ ಮನೆಗಳಲ್ಲಿ ಅದು ಇದೆಯೆಂಬುದೇ ಗೊತ್ತಿರುವುದಿಲ್ಲ. ಅದರಲ್ಲಿ ಮಳೆನೀರು ನಿಂತು ಸೊಳ್ಳೆಮರಿಗಳು ತುಂಬಿದ್ದವು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂಥ ಸ್ವಚ್ಛವಾದ ನಿಂತ ನೀರನ್ನೇ ಹುಡುಕುತ್ತದೆ. ಮೊಟ್ಟೆ ಸೊಳ್ಳೆಯಾಗಿ ಹಾರಲು ಒಂದು ವಾರ, ಹತ್ತು ದಿನ ಸಾಕು. ನಮ್ಮ ಜಿಲ್ಲೆಯಲ್ಲಿ ಮಳೆಗಾಲ ಬಂತೆಂದರೆ ಡೆಂಗಿಯ ಭಯವೂ ಬಂತೆಂದೇ ಅರ್ಥ. ನೀರನ್ನು ಚೆಲ್ಲಿದರೆ ನೂರಾರು ಜೀವಗಳ ಪ್ರಾಣಹಾನಿ. ಬಿಟ್ಟರೆ ಪಕ್ಕದ ಮನೆಯ ಮಗುವಿಗೆ ಜ್ವರ. ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಕೊನೆಗೆ ತಾವೇ ಆ ನೀರನ್ನು ಚೆಲ್ಲಿದರು. ಆ ಸಂಜೆಯ ಪ್ರತಿಕ್ರಮಣದಲ್ಲಿ ಅವರು ಎಂದಿಗಿಂತ ಹೆಚ್ಚು ಹೊತ್ತು ಕುಳಿತಿದ್ದರು.

ಗೃಹಸ್ಥನಿಗೆ ಸಂಕಲ್ಪೀ ಹಿಂಸೆಯ ತ್ಯಾಗವನ್ನು ವಿಧಿಸಿ, ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳ ವಿಷಯದಲ್ಲಿ ಅವನ ಅಸಹಾಯಕತೆಯನ್ನು ಶಾಸ್ತ್ರ ಅರ್ಥಮಾಡಿಕೊಂಡಿದೆ. ಹಾಗಾಗಿ ನೀರು ಚೆಲ್ಲಿದ್ದನ್ನು ಯಾರೂ ದೂಷಿಸಲಾರರು. ಆದರೆ ನನ್ನನ್ನು ಕಾಡಿದ್ದು ಬೇರೆ ಲೆಕ್ಕ. ಆ ಹಿಂಸೆ ನಡೆದದ್ದು ಅಂದು ಬೆಳಿಗ್ಗೆಯೇ? ಅಥವಾ ಆರು ವರ್ಷಗಳ ಹಿಂದೆ, ಹೊಸ ಫ್ರಿಜ್ ಬಂದ ದಿನ, 'ಸದ್ಯಕ್ಕೆ ಹಿಂದೆ ಇರಲಿ' ಎಂದು ಇಬ್ಬರು ಹೊತ್ತುಕೊಂಡು ಹೋಗಿ ಇಟ್ಟರಲ್ಲ, ಅಂದೇ? ಪ್ರಮಾದದ ಯೋಗದಿಂದ ಆಗುವ ಪ್ರಾಣಹಾನಿಯೇ ಹಿಂಸೆಯೆಂದು ಲಕ್ಷಣ ಹೇಳಿದ ಆಚಾರ್ಯರ ದೃಷ್ಟಿಯಲ್ಲಿ ಉತ್ತರ ಸ್ಪಷ್ಟವಿದೆ. 'ಸದ್ಯಕ್ಕೆ ಇರಲಿ' ಎಂಬ ಆ ಒಂದು ಮಾತು ಪ್ರಮಾದ. ಉಳಿದದ್ದೆಲ್ಲ ಅದರ ಬೆಳೆ.

ಇಡುವುದರಲ್ಲಿ ಆಗುವ ತಪ್ಪುಗಳನ್ನು ನಮ್ಮ ಶಾಸ್ತ್ರ ಎಷ್ಟು ಸೂಕ್ಷ್ಮವಾಗಿ ವಿಂಗಡಿಸಿದೆಯೆಂದರೆ ಆಶ್ಚರ್ಯವಾಗುತ್ತದೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಆಸ್ರವದ್ದು, ಅಂದರೆ ಕರ್ಮವು ಆತ್ಮದೊಳಗೆ ಹರಿದುಬರುವ ದಾರಿಗಳದ್ದು. ಅಲ್ಲಿ ಅಜೀವ ವಸ್ತುಗಳ ಆಶ್ರಯದಿಂದ ಆಗುವ ಆಸ್ರವವನ್ನು ಹೇಳುವಾಗ ತಯಾರಿಸುವುದು, ಇಡುವುದು, ಜೋಡಿಸುವುದು, ಪ್ರವರ್ತಿಸುವುದು ಎಂಬ ವಿಭಾಗಗಳಿವೆ. ಈ ಪೈಕಿ ಇಡುವುದು, ಅಂದರೆ ನಿಕ್ಷೇಪ, ನಾಲ್ಕು ಬಗೆ. ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಅವನ್ನು ಹೆಸರಿಸಿದ್ದಾರೆ: ನೋಡದೆ ಇಡುವುದು ಅಪ್ರತ್ಯವೇಕ್ಷಿತ, ಸರಿಯಾಗಿ ಸವರದೆ ಇಡುವುದು ದುಷ್ಪ್ರಮೃಷ್ಟ, ಅವಸರದಲ್ಲಿ ಇಡುವುದು ಸಹಸಾ, ಗಮನವಿಲ್ಲದೆ, ಯೋಗ್ಯವಲ್ಲದ ಜಾಗದಲ್ಲಿ ಇಡುವುದು ಅನಾಭೋಗ. ನಮ್ಮ ಹಿತ್ತಿಲುಗಳಲ್ಲಿ ಇರುವುದೆಲ್ಲವೂ ಈ ನಾಲ್ಕರಲ್ಲಿ ಒಂದಕ್ಕೆ ಸೇರುತ್ತದೆ. ಹೊಸ ಸಾಮಾನು ಹೊತ್ತ ವಾಹನ ಅಂಗಳದಲ್ಲಿ ನಿಂತಿರುವಾಗ ಹಳೆಯದನ್ನು ತರಾತುರಿಯಲ್ಲಿ ಹೊರಗೆಳೆಯುತ್ತೇವಲ್ಲ, ಅದಕ್ಕೆ ಸಹಸಾ ಎಂಬುದಕ್ಕಿಂತ ಒಪ್ಪುವ ಹೆಸರು ಸಿಗಲಾರದು.

ಸಮಿತಿಗಳು ಮಹಾವ್ರತಿಗಳಿಗೆ, ನಮಗೆ ಅಣುವ್ರತ ಸಾಕು ಎಂದು ಕೆಲವರು ಹೇಳುವುದುಂಟು. ಪ್ರೋಷಧೋಪವಾಸದ ಅತಿಚಾರಗಳ ಪಟ್ಟಿಯನ್ನು ಅವರು ಒಮ್ಮೆ ತೆರೆದು ನೋಡಬೇಕು. ಅಷ್ಟಮಿ, ಚತುರ್ದಶಿಗಳಲ್ಲಿ ಉಪವಾಸ ಹಿಡಿಯುವ ಶ್ರಾವಕ ನೋಡದೆ, ಸವರದೆ ಏನನ್ನಾದರೂ ಬಿಸುಟರೆ ಅದು ಅವನ ವ್ರತಕ್ಕೆ ತಗಲುವ ದೋಷಗಳಲ್ಲಿ ಮೊದಲನೆಯದು. ಊಟ ಬಿಟ್ಟ ದಿನ ಕಸ ಬಿಡುವುದನ್ನೂ ಗಮನಿಸಬೇಕೆಂಬ ವಿಧಿ ಗೃಹಸ್ಥನಿಗಾಗಿಯೇ ಇದೆ.

ಅಷ್ಟೇಕೆ, ನೀರು ಸೋಸುವ ಪದ್ಧತಿಯನ್ನೇ ನೆನೆಯೋಣ. ಬಾವಿಯ ನೀರನ್ನು ದಪ್ಪನೆಯ ಬಟ್ಟೆಯಲ್ಲಿ ಸೋಸಿ ಕುಡಿಯುವುದು ಜೈನರ ಗುರುತು ಎಂದು ಊರಿಗೆಲ್ಲ ಗೊತ್ತು. ಅದರ ಉತ್ತರಾರ್ಧ ಮಾತ್ರ ಮರೆಯಾಗುತ್ತಿದೆ. ಸೋಸಿದ ಬಟ್ಟೆಯನ್ನು ಸೋಸಿದ ನೀರಿನಿಂದಲೇ ಮೆಲ್ಲನೆ ತೊಳೆದು, ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಯಾವ ಬಾವಿಯಿಂದ ಬಂದವೋ ಅದೇ ಬಾವಿಗೆ ಮರಳಿಸಬೇಕು. ಬೇರೆ ಬಾವಿಗೆ ಸಲ್ಲದು, ಅಂಗಳಕ್ಕೂ ಸಲ್ಲದು. ಮೇಲಿನಿಂದ ಎಸೆಯದೆ ಕೊಡವನ್ನು ನೀರಿನ ಮಟ್ಟಕ್ಕೆ ಇಳಿಸಿ ಬಿಡಬೇಕು. ನನ್ನ ಪಾಲಿನ ನೀರು ಶುದ್ಧವಾಯಿತು ಎಂಬಲ್ಲಿಗೆ ಕೆಲಸ ಮುಗಿಯುವುದಿಲ್ಲ. ನಾನು ಬೇರ್ಪಡಿಸಿದ್ದು ಅದರ ಮೂಲವನ್ನು ಸೇರಿದಾಗಲೇ ಆ ಕ್ರಿಯೆ ಪೂರ್ಣ.

ಪರಿಗ್ರಹವೇ ಇಲ್ಲದ ಮುನಿಗಳ ಬಳಿಯೂ ಹಳತಾಗುವ ಒಂದು ವಸ್ತುವಿದೆ. ನವಿಲು ತಾನಾಗಿ ಉದುರಿಸಿದ ಗರಿಗಳಿಂದ ಕಟ್ಟಿದ ಪಿಂಛಿ ವರ್ಷ ಕಳೆದಂತೆ ಮೃದುತ್ವ ಕಳೆದುಕೊಳ್ಳುತ್ತದೆ. ಒರಟಾದ ಗರಿಯಿಂದ ಸವರಿದರೆ ಇರುವೆಗೆ ನೋವು. ಆದ್ದರಿಂದ ಚಾತುರ್ಮಾಸ ಮುಗಿಯುವ ಹೊತ್ತಿಗೆ ಪಿಂಛಿ ಪರಿವರ್ತನೆಯ ಸಮಾರಂಭ ನಡೆಯುತ್ತದೆ. ಹೊಸ ಪಿಂಛಿಯನ್ನು ಶ್ರಾವಕರು ಅರ್ಪಿಸುತ್ತಾರೆ. ಹಳೆಯದು ಎಲ್ಲಿಗೆ ಹೋಗುತ್ತದೆ? ಸಂಯಮದ ಯಾವುದಾದರೊಂದು ನಿಯಮವನ್ನು ಸ್ವೀಕರಿಸಿದ ಗೃಹಸ್ಥನ ಕೈಗೆ. ಬೆಲೆ ಕೊಟ್ಟವನಿಗೆ ಅದು ಸಿಗದು, ಮೊದಲು ಬಂದವನಿಗೂ ಸಿಗದು. ಅದನ್ನು ಜೋಪಾನವಾಗಿ ಇಟ್ಟುಕೊಳ್ಳುವ ಹೊಣೆ ಹೊರಬಲ್ಲವನಿಗೆ ಮಾತ್ರ. ಒಂದು ಹಳೆಯ ವಸ್ತುವನ್ನು ಬಿಡುವುದಕ್ಕೆ ಸಭೆ, ವಿಧಿ, ಪಾತ್ರವಿಚಾರ ಎಲ್ಲವೂ ಉಂಟು. ನಮ್ಮ ಮಿಕ್ಸಿಗಾದರೋ ಗೇಟಿನಾಚೆಯ ಚರಂಡಿ.

ಚರಂಡಿಯಾಚೆ ಏನಿದೆ ಎಂಬುದನ್ನು ನೆರಿಯದವರು ಬೇರೆಯವರಿಗಿಂತ ಚೆನ್ನಾಗಿ ಬಲ್ಲರು. ತೋಡಿಗೆ ಬಿದ್ದದ್ದು ಹೊಳೆಗೆ, ಹೊಳೆಯದ್ದು ನೇತ್ರಾವತಿಗೆ. ನೇತ್ರಾವತಿ ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಬಂಟ್ವಾಳವನ್ನು ದಾಟಿ ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ಮಂಗಳೂರಿನ ನಲ್ಲಿಗಳಿಗೆ. ಘಟ್ಟದ ಬುಡದಲ್ಲಿ ಬಿಸುಟ ಬ್ಯಾಟರಿಯ ಸೀಸವೂ ಸೋರಿದ ಕಂಪ್ರೆಸರ್ ಎಣ್ಣೆಯೂ ಅದೇ ದಾರಿ ಹಿಡಿಯುತ್ತವೆ. 2019ರ ಆಗಸ್ಟ್ ತಿಂಗಳಿನಲ್ಲಿ ಗುಡ್ಡ ಕುಸಿದು ಬೆಳ್ತಂಗಡಿ ತಾಲೂಕಿನ ಹೊಳೆಗಳು ಉಕ್ಕಿದಾಗ ಮರ, ಬಂಡೆಗಳ ಜೊತೆ ಮನೆಸಾಮಾನುಗಳೂ ತೇಲಿಹೋದದ್ದನ್ನು ಇಲ್ಲಿಯ ಜನ ಕಣ್ಣಾರೆ ಕಂಡಿದ್ದಾರೆ.

ಅದೇ ತಿಂಗಳು ಮಂಗಳೂರಿನ ಪಚ್ಚನಾಡಿಯಲ್ಲಿ ನಗರದ ತ್ಯಾಜ್ಯದ ಬೆಟ್ಟ ಜಾರಿತು. ದಶಕಗಳ ಕಾಲ ಊರಿನವರೆಲ್ಲ 'ಬಿಟ್ಟ' ವಸ್ತುಗಳ ಆ ರಾಶಿ ಮಳೆಯಲ್ಲಿ ನೆನೆದು, ನಿಧಾನವಾಗಿ ಹರಿದು, ಕೆಳಗಿನ ಮಂದಾರ ಪ್ರದೇಶವನ್ನು ಆವರಿಸಿತು. ತೆಂಗು, ಅಡಿಕೆಯ ತೋಟಗಳು ಹುದುಗಿಹೋದವು. 27 ಕುಟುಂಬಗಳು ಮನೆ ತೊರೆಯಬೇಕಾಯಿತು. ಆ ರಾಶಿಯಲ್ಲಿ ಯಾರ ಮನೆಯ ಕುಕ್ಕರ್ ಇತ್ತು, ಯಾರ ಮನೆಯ ಮಿಕ್ಸಿ ಇತ್ತು ಎಂದು ಹೇಳಲು ಯಾರಿಂದಲೂ ಆಗದು. ಅಲ್ಲಿ ತಮ್ಮದೇನೂ ಇರಲಿಲ್ಲವೆಂದು ಎದೆತಟ್ಟಿ ಹೇಳಲು ಆ ನಗರದಲ್ಲಿ ಬಾಳಿದ ಎಷ್ಟು ಮಂದಿಗೆ ಸಾಧ್ಯ? ನಾವು ತ್ಯಾಗ ಮಾಡಿದೆವೆಂದುಕೊಂಡದ್ದು ಇನ್ನೊಬ್ಬರ ಅಂಗಳದಲ್ಲಿ ಪರಿಗ್ರಹವಾಗಿ ಕುಳಿತಿತು, ಅವರು ಬೇಡಿದ್ದಲ್ಲದಿದ್ದರೂ.

ಸ್ಥಾವರ ಜೀವಗಳ ಮಾತನ್ನೂ ಇಲ್ಲಿಯೇ ಹೇಳಬೇಕು. ಪೃಥ್ವೀಕಾಯ, ಜಲಕಾಯ, ಅಗ್ನಿಕಾಯ, ವಾಯುಕಾಯ, ವನಸ್ಪತಿಕಾಯ ಎಂದು ನಾವು ಪಾಠ ಒಪ್ಪಿಸುತ್ತೇವೆ. ಹಳೆಯ ಫ್ರಿಜ್ ಇವುಗಳಲ್ಲಿ ವಾಯುಕಾಯಕ್ಕೆ ಮಾಡುವ ಹಾನಿ ಕಣ್ಣಿಗೆ ಕಾಣದಂಥದ್ದು. ಮೂವತ್ತು ವರ್ಷಗಳಷ್ಟು ಹಳೆಯ ಫ್ರಿಜ್ಜುಗಳ ಕೊಳವೆಯಲ್ಲಿ ಆರ್-12 ಎಂಬ ಅನಿಲವಿರುತ್ತಿತ್ತು. ಓಝೋನ್ ಪದರವನ್ನು ಹರಿಯುವ ಈ ಜಾತಿಯ ಅನಿಲಗಳನ್ನು 1987ರ ಮಾಂಟ್ರಿಯಲ್ ಒಪ್ಪಂದದಂತೆ ಜಗತ್ತು ಹಂತಹಂತವಾಗಿ ಕೈಬಿಟ್ಟಿತು; ಭಾರತದಲ್ಲಿಯೂ 2010ರ ಹೊತ್ತಿಗೆ ಅದರ ಬಳಕೆ ನಿಂತಿತು. ಅದು ವಾತಾವರಣವನ್ನು ಬಿಸಿಮಾಡುವ ಶಕ್ತಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು ಹತ್ತು ಸಾವಿರ ಪಟ್ಟು. ಅದರ ಬದಲಿಗೆ ಬಂದ ಆರ್-134ಎ ಓಝೋನನ್ನು ಹರಿಯದಿದ್ದರೂ ಬಿಸಿಮಾಡುವುದರಲ್ಲಿ ಸಾವಿರ ಪಟ್ಟನ್ನು ಮೀರುತ್ತದೆ. ಈಚಿನ ಫ್ರಿಜ್ಜುಗಳಲ್ಲಿರುವ ಆರ್-600ಎ ಎಂಬ ಐಸೊಬ್ಯುಟೇನ್ ವಾತಾವರಣಕ್ಕೆ ಸೌಮ್ಯ, ಆದರೆ ಅಡುಗೆ ಅನಿಲದಂತೆಯೇ ಹೊತ್ತಿಕೊಳ್ಳುತ್ತದೆ. ತಾಮ್ರದ ಕೊಳವೆಯ ಆಸೆಗೆ ಹಿಂಬದಿಯ ನಳಿಕೆಯನ್ನು ಕತ್ತರಿಸಿದೊಡನೆ ಕೇಳುವ 'ಹುಸ್' ಎಂಬ ಶಬ್ದ ಇದೇ ಅನಿಲದ್ದು. ಅರ್ಧ ನಿಮಿಷದಲ್ಲಿ ಎಲ್ಲ ಮುಗಿದಿರುತ್ತದೆ, ಕಂಡವರೂ ಇಲ್ಲ, ಕೇಳಿದವರೂ ಇಲ್ಲ.

ಮಿಕ್ಸಿಯ ಮೋಟಾರಿನೊಳಗಿನ ತಾಮ್ರಕ್ಕೂ ವೈರುಗಳಿಗೂ ಬೇರೆ ಗತಿ. ವೈರಿನ ಹೊದಿಕೆ ಪಿವಿಸಿ. ಸುಲಿಯುವುದಕ್ಕಿಂತ ಸುಡುವುದು ಸುಲಭ. ಸುಟ್ಟಾಗ ಹೊರಡುವ ಹೊಗೆಯಲ್ಲಿ ಕಣ್ಣು, ಗಂಟಲನ್ನು ಉರಿಸುವ ಆಮ್ಲವೂ ಡೈಆಕ್ಸಿನ್ ಎಂಬ ದೀರ್ಘಕಾಲ ಉಳಿಯುವ ವಿಷವೂ ಇರುತ್ತವೆ. ದೆಹಲಿಯ ಸೀಲಂಪುರದಲ್ಲಿ, ಘಾನಾ ದೇಶದ ಆಗ್ಬೊಗ್ಬ್ಲೊಶಿಯಲ್ಲಿ ಈ ಕೆಲಸ ಮಾಡಿದವರಲ್ಲಿ ಮಕ್ಕಳೂ ಇದ್ದರೆಂಬುದು ಲೋಕಕ್ಕೆ ತಿಳಿದ ವಿಷಯ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯಂತೆ 2022ರ ಒಂದೇ ವರ್ಷದಲ್ಲಿ ಜಗತ್ತು ಬಿಸುಟ ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ ಸಾಮಾನು 6.2 ಕೋಟಿ ಟನ್. ಅದರಲ್ಲಿ ಲೆಕ್ಕಕ್ಕೆ ಸಿಕ್ಕ ರೀತಿಯಲ್ಲಿ ಮರುಬಳಕೆಯ ಹಾದಿ ಹಿಡಿದದ್ದು ಶೇ 22.3 ಮಾತ್ರ.

ಹಾಗೆಂದು ನಮ್ಮ ಊರಿನ ಗುಜರಿ ವ್ಯಾಪಾರಿಯನ್ನು ಬೊಟ್ಟು ಮಾಡಿ ತೋರಿಸುವುದು ನ್ಯಾಯವಲ್ಲ. ಬಿಸಿಲಲ್ಲಿ ಮನೆಮನೆ ಅಲೆದು ಕಬ್ಬಿಣ, ಅಲ್ಯುಮಿನಿಯಂ, ಹಿತ್ತಾಳೆಗಳನ್ನು ಮತ್ತೆ ಕುಲುಮೆಗೆ ಮುಟ್ಟಿಸುವವನು ಅವನೇ. ಹಿಡಿ ಮುರಿದ ಕುಕ್ಕರನ್ನು ಅವನಿಗೆ ಕೊಡುವುದರಲ್ಲಿ ಯಾವ ದೋಷವೂ ಇಲ್ಲ. ಕರಗಿಸಿದ ಅಲ್ಯುಮಿನಿಯಂ ಅದುರಿನಿಂದ ತೆಗೆದ ಅಲ್ಯುಮಿನಿಯಂಗಿಂತ ಶೇ 95ರಷ್ಟು ಕಡಿಮೆ ಶಕ್ತಿಯಲ್ಲಿ ಸಿದ್ಧವಾಗುತ್ತದೆ. ಗ್ಯಾಸ್ ಸ್ಟೌವಿನ ಹಿತ್ತಾಳೆ ಬರ್ನರ್, ಗ್ರೈಂಡರಿನ ಸ್ಟೀಲ್ ಪಾತ್ರೆ ಇವೂ ಹಾಗೆಯೇ. ತೊಡಕು ಇರುವುದು ಅನಿಲ, ವೈರು, ಸರ್ಕ್ಯೂಟ್ ಬೋರ್ಡು ಇರುವ ವಸ್ತುಗಳಲ್ಲಿ. ಅವನ್ನು ಒಡೆಯುವ ಸಾಧನ ಅವನಲ್ಲಿಲ್ಲ ಎಂದು ಗೊತ್ತಿದ್ದೂ ಕೊಟ್ಟು, ಕೈಗೆ ಬಂದ ನೂರಿನ್ನೂರು ರೂಪಾಯಿಯನ್ನು ಎಣಿಸಿಕೊಳ್ಳುವ ನಮ್ಮ ಪಾಲೆಷ್ಟು? ಕೃತ, ಕಾರಿತ, ಅನುಮೋದನ: ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು. ಇವು ಮೂರು, ಮನ, ವಚನ, ಕಾಯಗಳು ಮೂರು, ಸಂರಂಭ, ಸಮಾರಂಭ, ಆರಂಭಗಳು ಮೂರು, ಕ್ಷಾಯಗಳು, ಕ್ಷಮಿಸಿ, ಕಷಾಯಗಳು ನಾಲ್ಕು. ಗುಣಿಸಿದರೆ ನೂರೆಂಟು. ಜಪಮಾಲೆಯ ಮಣಿಗಳನ್ನು ಎಣಿಸುವಾಗ ವೈರು ಸುಟ್ಟ ಹೊಗೆ ಯಾವ ಮಣಿಯಲ್ಲಿದೆಯೆಂದು ಹುಡುಕಿದರೆ 'ಕಾರಿತ'ದಲ್ಲಿ ಸಿಗುತ್ತದೆ.

ನಾನೇ ಎಡವಿದ ಸಂಗತಿಯೊಂದನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಮಿಕ್ಸಿಯ ವೈರು ಬುಡದಲ್ಲಿ ಸೀಳಿತ್ತು. ಮುಟ್ಟಿದರೆ ಒಮ್ಮೊಮ್ಮೆ ಜುಮ್ಮೆನ್ನುತ್ತಿತ್ತು. ಹೊಸದು ಬಂದ ಮೇಲೆ, ಎಸೆಯುವುದೇಕೆ, ದಾನವಾದರೂ ಆಗಲಿ ಎಂದು ಮನೆಗೆಲಸಕ್ಕೆ ಬರುತ್ತಿದ್ದ ಅಕ್ಕನಿಗೆ ಕೊಟ್ಟೆ. ಸಂತೋಷದಿಂದಲೇ ಒಯ್ದರು. ನಾಲ್ಕನೆಯ ದಿನ ಬಲಗೈಗೆ ಬಟ್ಟೆ ಸುತ್ತಿಕೊಂಡು ಬಂದು, "ಏನೂ ಇಲ್ಲಮ್ಮ, ಸ್ವಲ್ಪ ಶಾಕ್ ಹೊಡೆಯಿತು, ನನ್ನ ಕೈಯೂ ಒದ್ದೆ ಇತ್ತು" ಎಂದರು, ತಪ್ಪು ತಮ್ಮದೇ ಎಂಬಂತೆ. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಎಣಿಸುತ್ತಾರೆ. ಅವುಗಳಲ್ಲಿ ಹಿಂಸಾದಾನವೂ ಒಂದು: ಹಿಂಸೆಗೆ ಕಾರಣವಾಗುವ ಸಾಧನವನ್ನು ಪರರಿಗೆ ಕೊಡುವುದು. ಕತ್ತಿ, ಕೊಡಲಿ, ಬೆಂಕಿ, ವಿಷ, ಸರಪಳಿ ಎಂದು ವ್ಯಾಖ್ಯಾನಗಳಲ್ಲಿ ಓದುವಾಗ ಅವೆಲ್ಲ ಬೇರೆ ಯಾರದೋ ವಿಷಯವೆಂದುಕೊಂಡಿದ್ದೆ. ನಾನು ಕೊಟ್ಟದ್ದು ದಾನವಾಗಿರಲಿಲ್ಲ. ದಾನದ ಹೆಸರಿನಲ್ಲಿ ನನ್ನ ಅಪಾಯವನ್ನು ಇನ್ನೊಬ್ಬರ ಮನೆಗೆ ಸಾಗಿಸಿದ್ದೆ. ಐವತ್ತು ರೂಪಾಯಿಯ ವೈರು ಹಾಕಿಸಿ ಕೊಟ್ಟಿದ್ದರೆ ಅದು ದಾನವಾಗುತ್ತಿತ್ತು. ವಿಧಿ, ದ್ರವ್ಯ, ದಾತೃ, ಪಾತ್ರ ಈ ನಾಲ್ಕರ ವಿಶೇಷದಿಂದ ದಾನಕ್ಕೆ ಬೆಲೆ ಬರುತ್ತದೆಂದು ಸೂತ್ರಕಾರರು ಹೇಳಿರುವುದರಲ್ಲಿ ದ್ರವ್ಯವೂ ಸೇರಿದೆಯೆಂಬುದನ್ನು ನಾವು ಅನುಕೂಲಕ್ಕೆ ತಕ್ಕಂತೆ ಮರೆಯುತ್ತೇವೆ.

ಹಳೆಯ ಫ್ರಿಜ್ಜಿನಲ್ಲಿ ಇನ್ನೊಂದು ಅಪಾಯವಿದೆ. ಬಾಗಿಲಿರುವ ಖಾಲಿ ಫ್ರಿಜ್ ಮಕ್ಕಳಿಗೆ ಆಟದ ಮನೆ. ಬಾಗಿಲು ಮುಚ್ಚಿಕೊಂಡರೆ ಒಳಗೆ ಗಾಳಿಯಿಲ್ಲ, ಕೂಗಿದರೆ ಹೊರಗೆ ಕೇಳದು. ಬೆಕ್ಕು, ನಾಯಿಮರಿಗಳಿಗೂ ಇದೇ ಗತಿ. ಬಳಕೆ ನಿಂತ ದಿನವೇ ಬಾಗಿಲನ್ನು ಕಳಚಿಡುವುದು ಅಹಿಂಸಾಣುವ್ರತದ ಭಾಗವೆಂದೇ ನಾನು ತಿಳಿದಿದ್ದೇನೆ. ಮೈಕ್ರೋವೇವ್ ಒಲೆಯನ್ನು ಮಾತ್ರ ಮನೆಯಲ್ಲಿ ಯಾರೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್ ಪ್ರಾಣಾಂತಿಕ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು.

ಹಾಗಾದರೆ ಬಿಡುವುದೆಲ್ಲಿ? ಇಲ್ಲಿ ದೇಶದ ಕಾನೂನು ನಮ್ಮ ಬಾವಿಯ ಪದ್ಧತಿಯ ಹತ್ತಿರಕ್ಕೆ ಬಂದಿರುವುದು ಸಂತೋಷದ ಸಂಗತಿ. ಇ-ತ್ಯಾಜ್ಯದ ನಿಯಮಗಳು ಮೊದಲು ಬಂದದ್ದು 2011ರಲ್ಲಿ. ಆಗಲೂ, 2016ರ ಪರಿಷ್ಕರಣೆಯಲ್ಲೂ ಮನೆಸಾಮಾನುಗಳ ಪೈಕಿ ಫ್ರಿಜ್, ಟಿ.ವಿ., ಬಟ್ಟೆ ಒಗೆಯುವ ಯಂತ್ರ, ಎ.ಸಿ.ಗಳಷ್ಟೇ ಮುಖ್ಯವಾಗಿ ಲೆಕ್ಕಕ್ಕೆ ಸೇರಿದ್ದವು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ 2022ರ ನಿಯಮಗಳಲ್ಲಿ ಪಟ್ಟಿ 106 ಬಗೆಯ ವಸ್ತುಗಳಿಗೆ ವಿಸ್ತರಿಸಿತು. ಮೈಕ್ರೋವೇವ್, ಗ್ರೈಂಡರ್, ಟೋಸ್ಟರ್‌ಗಳೂ ಒಳಬಂದವು. ಮುಖ್ಯ ಭಾರ ಬಿದ್ದಿರುವುದು ತಯಾರಕರ ಮೇಲೆ. ತಾವು ಮಾರಿದ್ದರಲ್ಲಿ ಆಯುಷ್ಯ ತೀರಿದ್ದರ ಶೇ 60ರಷ್ಟನ್ನು ಮೊದಲ ಎರಡು ವರ್ಷ, ಆಮೇಲೆ ಶೇ 70, 2027–28ರಿಂದ ಶೇ 80ರಷ್ಟನ್ನು ನೋಂದಾಯಿತ ಮರುಬಳಕೆದಾರರ ಮೂಲಕ ಮರಳಿಸಿದ ಲೆಕ್ಕವನ್ನು ಅವರು ಒಪ್ಪಿಸಬೇಕು. ಯಾವ ಬಾವಿಯಿಂದ ಬಂತೋ ಆ ಬಾವಿಗೆ!

ಆದರೆ ಬಾವಿ ತಾನಾಗಿ ಮನೆಗೆ ಬರುವುದಿಲ್ಲ. ಕೊಡವನ್ನು ಇಳಿಸುವ ಕೆಲಸ ನಮ್ಮದು. ಹೊಸ ಸಾಮಾನು ಕೊಳ್ಳುವಾಗ ಎಷ್ಟು ರಿಯಾಯಿತಿ ಎಂದು ಕೇಳುವ ನಾವು, ಹಳೆಯದನ್ನು ಒಯ್ದು ಯಾರಿಗೆ ಕೊಡುತ್ತೀರಿ ಎಂದು ಅಂಗಡಿಯವರನ್ನು ಕೇಳುವುದಿಲ್ಲ. ಕೇಳಬೇಕು. ಯಂತ್ರದ ಹಿಂದೆ ಕಸದ ಡಬ್ಬಿಗೆ ಅಡ್ಡಗೆರೆ ಎಳೆದ ಚಿಹ್ನೆಯಿರುವುದನ್ನು ಎಷ್ಟು ಜನ ನೋಡಿದ್ದಾರೋ ತಿಳಿಯದು. ಸಾಮಾನ್ಯ ಕಸಕ್ಕೆ ಇದನ್ನು ಹಾಕಬೇಡಿ ಎಂದು ಅದರ ಅರ್ಥ. ಕಂಪನಿಯ ಗ್ರಾಹಕ ಸೇವೆಯ ಸಂಖ್ಯೆಗೆ ಕರೆಮಾಡಿ ಹಳೆಯದನ್ನು ಎಲ್ಲಿ ಒಪ್ಪಿಸಬೇಕೆಂದು ವಿಚಾರಿಸಬಹುದು. ನೋಂದಾಯಿತ ಮರುಬಳಕೆದಾರರ ಪಟ್ಟಿ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ದೊರೆಯುತ್ತದೆ. ಹಳ್ಳಿಯ ಒಂದೊಂದು ಮನೆ ಒಂದೊಂದು ಮಿಕ್ಸಿಯನ್ನು ಹಿಡಿದು ಮಂಗಳೂರಿಗೆ ಓಡುವುದು ಆಗದ ಮಾತು. ಆದರೆ ವರ್ಷಕ್ಕೊಮ್ಮೆ, ಉತ್ತಮ ತ್ಯಾಗದ ದಿನವೋ ದೀಪಾವಳಿಯ ಮುಂಚೆಯೋ, ಬಸದಿಯ ಆವರಣದಲ್ಲಿ ಹತ್ತು ಮನೆಯವರು ಸೇರಿಸಿಟ್ಟರೆ ಒಂದು ಪಿಕ್‌ಅಪ್‌ಗೆ ತುಂಬುವಷ್ಟಾಗುತ್ತದೆ. ಪೂಜೆ, ಅಭಿಷೇಕ, ಸಂತರ್ಪಣೆಗಳನ್ನು ಇಷ್ಟು ಅಚ್ಚುಕಟ್ಟಾಗಿ ನಡೆಸಬಲ್ಲ ಸಮಾಜಕ್ಕೆ ಇದೇನು ದೊಡ್ಡ ಕೆಲಸವೇ?

ಇದಕ್ಕೂ ಮುಂಚಿನ ಪ್ರಶ್ನೆ, ಬಿಡುವ ಕಾಲ ಬಂದಿದೆಯೇ ಎಂಬುದು. ಬಾಹ್ಯ ಪರಿಗ್ರಹ ಹತ್ತು ಬಗೆ ಎನ್ನುವಾಗ ಹೊಲ, ಮನೆ, ಚಿನ್ನ, ಧಾನ್ಯಗಳ ಜೊತೆ 'ಭಾಂಡ', ಅಂದರೆ ಪಾತ್ರೆಪರಡಿಯೂ ಎಣಿಕೆಯಲ್ಲಿದೆ. ಪರಿಗ್ರಹ ಪರಿಮಾಣ ವ್ರತ ಹಿಡಿದವರು ಭೂಮಿ, ಬಂಗಾರಗಳಿಗೆ ಮಿತಿ ಹಾಕಿಕೊಂಡದ್ದನ್ನು ಕೇಳಿದ್ದೇನೆ. ಮಿಕ್ಸಿ, ಜ್ಯೂಸರ್‌ಗಳಿಗೆ ಮಿತಿ ಹಾಕಿಕೊಂಡವರು ವಿರಳ. ಮಿಕ್ಸಿ ನಿಂತಿತೆಂದರೆ ಬಹುಪಾಲು ಸವೆದಿರುವುದು ಕಾರ್ಬನ್ ಬ್ರಶ್, ಇಲ್ಲವೇ ಜಾರಿನ ಅಡಿಯ ಕಪ್ಲರ್, ಬುಶ್. ಕುಕ್ಕರಿಗೆ ಗ್ಯಾಸ್ಕೆಟ್, ವಾಲ್ವ್. ಫ್ರಿಜ್ಜಿಗೆ ಬಾಗಿಲಿನ ರಬ್ಬರ್. ಇವುಗಳನ್ನು ಬದಲಿಸುವ ಮಂದಿ ಬೆಳ್ತಂಗಡಿ, ಮೂಡುಬಿದಿರೆ, ಬಿ.ಸಿ. ರೋಡಿನ ಬೀದಿಗಳಲ್ಲಿ ಈಗಲೂ ಚಿಕ್ಕ ಅಂಗಡಿಗಳನ್ನು ಇಟ್ಟುಕೊಂಡಿದ್ದಾರೆ. ಹಿಂದೆ ತಾಮ್ರದ ಪಾತ್ರೆಗೆ ಕಲಾಯಿ ಹಾಕುವವನು ಊರಿಗೆ ಬರುವುದನ್ನು ಹೆಂಗಸರು ಕಾಯುತ್ತಿದ್ದರು. ತೂತಾದ ಕೊಪ್ಪರಿಗೆ ತೂಕಕ್ಕೆ ಹೋಗಿ ಹೊಸ ಕೊಪ್ಪರಿಗೆಯಾಗಿ ಮರಳುತ್ತಿತ್ತು. ಸೌಟು ಸವೆದರೂ ಬಿಸುಡದ ಮನೆಗಳಿಂದಾಗಿಯೇ ಬಂಟ್ವಾಳದ ಸಂಚಯಗಿರಿಯಲ್ಲಿ ಪ್ರೊ. ತುಕಾರಾಮ ಪೂಜಾರಿಯವರು ಕಟ್ಟಿದ ತುಳು ಬದುಕು ವಸ್ತು ಸಂಗ್ರಹಾಲಯದಲ್ಲಿ ನಮ್ಮ ಹಿರಿಯರ ಅಡುಗೆಮನೆಯನ್ನು ಇಂದು ಕಣ್ಣಾರೆ ನೋಡಲು ಸಾಧ್ಯವಾಗಿದೆ. ಕಡೆಯುವ ಕಲ್ಲಿಗೆ ಅಲ್ಲಿ ಜಾಗ ಸಿಕ್ಕಿತು. ಪ್ಲಾಸ್ಟಿಕ್ ಮೈಯ ಮಿಕ್ಸಿಗಳನ್ನು ಹಾಗೆ ಯಾರು ಇಟ್ಟುಕೊಂಡಾರು? ಅವುಗಳ ಆಯುಷ್ಯವೇ ಚಿಕ್ಕದು, ಅಳಿಯುವ ಕಾಲ ಮಾತ್ರ ಬಹಳ ದೀರ್ಘ.

ನೆರಿಯದ ಫ್ರಿಜ್ ಅಂದು ಹೋಗಲಿಲ್ಲ. ದೊಡ್ಡಮ್ಮ ಬಾಗಿಲನ್ನು ಕಳಚಿಸಿ, ಖಾಲಿ ಮಾಡಿದ ತಟ್ಟೆಯನ್ನು ಬೋರಲು ಹಾಕಿಸಿ, ಒಳಗೆ ಬೆಳಕು ಬೀಳುವಂತೆ ಸುತ್ತಲಿನ ಗಿಡಗಂಟಿಯ ಕೊಂಬೆಗಳನ್ನು ಹಗ್ಗದಿಂದ ಸರಿಸಿ ಕಟ್ಟಿಸಿದರು. ಬೆಳಕು ಬಿದ್ದ ಮೂರನೆಯ ದಿನ ಇರುವೆಗಳು ಮೊಟ್ಟೆಗಳನ್ನು ಹೊತ್ತು ಕೊಟ್ಟಿಗೆಯ ಗೋಡೆಗೆ ನಡೆದವಂತೆ. ಹಲ್ಲಿಗಳು ಎಂದು ಹೋದವೋ ಯಾರೂ ನೋಡಲಿಲ್ಲ. ಕಣಜದ ಗೂಡು ಮಾತ್ರ ಉಳಿದಿತ್ತು. ಮಗನಿಗೆ ತಾಳ್ಮೆ ಮುಗಿದು ಎರಡು ಸಲ ಫೋನಿನಲ್ಲಿ ನನ್ನೊಡನೆ ಗೊಣಗಿದ್ದ. "ಇನ್ನು ಎಷ್ಟು ದಿನ ಅಂತ ಕಾಯುವುದು, ನೀವಾದರೂ ಒಂದು ಮಾತು ಹೇಳಿ ಅಮ್ಮನಿಗೆ." ನಾನು ಹೇಳಲಿಲ್ಲ.

ಆಶ್ವಯುಜದ ಕೊನೆಯಲ್ಲಿ ಮಣ್ಣಿನ ಗೂಡಿನ ಮೈಯಲ್ಲಿ ದುಂಡನೆಯ ತೂತುಗಳು ಕಂಡವು. ಒಳಗಿನ ಮರಿಗಳು ರೆಕ್ಕೆ ಬಲಿತು ಹಾರಿಹೋಗಿದ್ದವು. ಕಾರ್ತಿಕದ ಒಂದು ಬೆಳಿಗ್ಗೆ, ಅಕ್ಕಪಕ್ಕದ ಎರಡು ಮನೆಗಳ ಸಾಮಾನನ್ನೂ ಸೇರಿಸಿಕೊಂಡು, ಮಗ ಪಿಕ್‌ಅಪ್ ತರಿಸಿದ. ಕಂಪ್ರೆಸರಿನ ಎಣ್ಣೆ ಚೆಲ್ಲದಂತೆ, ಕೊಳವೆ ಮುರಿಯದಂತೆ ಫ್ರಿಜ್ಜನ್ನು ನೆಟ್ಟಗೆ ನಿಲ್ಲಿಸಿ ಹಗ್ಗ ಬಿಗಿದರು. ಅದನ್ನು ಎತ್ತುವ ಮುನ್ನ ದೊಡ್ಡಮ್ಮ ತೆಂಗಿನ ಗರಿಯ ಪೊರಕೆಯನ್ನು ಬದಿಗಿಟ್ಟು, ಹಳೆಯ ಹತ್ತಿ ಸೀರೆಯ ತುಂಡಿನಿಂದ ಅದರ ಅಡಿಯನ್ನೂ ಕಾಲುಗಳನ್ನೂ ಮೆಲ್ಲನೆ ಸವರಿದರು. ನಾಲ್ಕು ಕಾಲುಗಳ ಗುರುತಿನಲ್ಲಿ ಎರೆಹುಳುಗಳು ಮಿಸುಕುತ್ತಿದ್ದವು. ಅವಕ್ಕೆ ಬಿಸಿಲು ತಾಗದಂತೆ ಒಂದು ಬುಟ್ಟಿ ಸೊಪ್ಪನ್ನು ತಂದು ಮುಚ್ಚಿ, ಕೈ ತೊಳೆಯಲು ಬಾವಿಕಟ್ಟೆಯ ಕಡೆ ನಡೆದರು.